ಏಳು ವರ್ಷದ ಕಂಪ್ಯೂಟರ್ ಬಹಳ ನಿಧಾನವಾಗಿದೆ: ಫಾರ್ಮ್ಯಾಟ್ ಮಾಡದೆ ಸರಿಪಡಿಸಬಹುದೇ?

ಕಾಯುವವ

ನಮ್ಮ ಮನೆಯ ಡೆಸ್ಕ್‌ಟಾಪ್ ಕಂಪ್ಯೂಟರಿಗೆ ಈಗ ಏಳು ವರ್ಷ. ವಿಂಡೋಸ್ 10, 4 ಜಿಬಿ ರ‍್ಯಾಮ್ ಮತ್ತು 1 ಟಿಬಿ ಹಾರ್ಡ್ ಡಿಸ್ಕ್ ಇವೆ. ಗುಂಡಿ ಒತ್ತಿದ ಮೇಲೆ ತೆರೆ ಕಾಣಿಸಿಕೊಳ್ಳಲು ಎರಡು ನಿಮಿಷ, ಆಮೇಲೆ ಬ್ರೌಸರ್ ತೆರೆದುಕೊಳ್ಳಲು ಮತ್ತೆ ನಾಲ್ಕು ನಿಮಿಷ ಬೇಕಾಗುತ್ತದೆ. ಅಷ್ಟು ಹೊತ್ತೂ ಮೌಸಿನ ಬಾಣದ ಪಕ್ಕದಲ್ಲಿ ನೀಲಿ ಉಂಗುರ ಸುತ್ತುತ್ತಿರುತ್ತದೆ, ಪೆಟ್ಟಿಗೆಯೊಳಗಿಂದ ಗರಗರ ಸದ್ದು ಬರುತ್ತಿರುತ್ತದೆ.

ಉಚಿತವಾಗಿ ಸಿಗುವ ಒಂದು ಕ್ಲೀನರ್ ತಂತ್ರಾಂಶವನ್ನು ಹಾಕಿ ನೋಡಿದೆ. ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗುಗಳನ್ನು ಬರೆದಿಡುವ ಜಾಗ) ಸಾವಿರಕ್ಕೂ ಹೆಚ್ಚು ದೋಷಗಳಿವೆ ಎಂದು ಅದು ಹೆದರಿಸಿತು; ಎಲ್ಲವನ್ನೂ ಸರಿಪಡಿಸಿದೆನೆಂದು ಹೇಳಿದ ಮೇಲೂ ವೇಗದಲ್ಲಿ ಕಿಂಚಿತ್ತೂ ವ್ಯತ್ಯಾಸ ಕಾಣಲಿಲ್ಲ. ಈಗ ಕಂಪ್ಯೂಟರ್ ಶುರುವಾದಾಗಲೆಲ್ಲ ಆ ತಂತ್ರಾಂಶವೂ ತಾನಾಗಿಯೇ ತೆರೆದುಕೊಳ್ಳುತ್ತಿದೆ. ಪತ್ರ ಬರೆಯುವುದು, ಲೆಕ್ಕ ಇಡುವುದು, ವಿಡಿಯೊ ನೋಡುವುದು, ನಮ್ಮ ಬಳಕೆ ಇಷ್ಟೇ. ಫಾರ್ಮ್ಯಾಟ್ ಮಾಡಿಬಿಡಿ ಎಂದು ಎಲ್ಲರೂ ಹೇಳುತ್ತಾರೆ, ಆದರೆ ಹತ್ತು ವರ್ಷಗಳ ಫೋಟೊಗಳು ಅದರಲ್ಲಿರುವುದರಿಂದ ಧೈರ್ಯ ಸಾಲುತ್ತಿಲ್ಲ.

ತಿರುಪುಳಿ

ಫಾರ್ಮ್ಯಾಟಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಈ ಮೂರರಲ್ಲಿ ಏದುಸಿರು ಬಿಡುತ್ತಿರುವುದು ಯಾವುದು ಎಂದು ತಿಳಿಯದೆ ಮಾಡುವ ಯಾವ ಉಪಾಯವೂ ಕತ್ತಲಲ್ಲಿ ಕಲ್ಲೆಸೆದಂತೆಯೇ. ಕಂಪ್ಯೂಟರ್ ಶುರುವಾದ ಕೂಡಲೇ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿ. ತೆರೆದುಕೊಳ್ಳುವ ಟಾಸ್ಕ್ ಮ್ಯಾನೇಜರಿನಲ್ಲಿ ‘ಮೋರ್ ಡೀಟೇಲ್ಸ್’ ಎಂಬುದನ್ನು ಆರಿಸಿದರೆ ಸಿಪಿಯು, ಮೆಮೊರಿ, ಡಿಸ್ಕ್ ಎಂಬ ಕಂಬಸಾಲುಗಳ ಮೇಲೆ ಶೇಕಡಾವಾರು ಅಂಕಿಗಳು ಕಾಣುತ್ತವೆ. ಬೇರೇನನ್ನೂ ತೆರೆಯದೆ ಐದು ನಿಮಿಷ ಅವನ್ನೇ ಗಮನಿಸಿ, ಇಲ್ಲಿ ಬರೆಯಿರಿ.

ಅದೇ ಕಿಟಕಿಯ ಸ್ಟಾರ್ಟಪ್ ವಿಭಾಗದಲ್ಲಿ, ಕಂಪ್ಯೂಟರಿನೊಂದಿಗೇ ಎದ್ದು ಕೂರುವ ತಂತ್ರಾಂಶಗಳ ಪಟ್ಟಿ ಇರುತ್ತದೆ. ನೀವು ದಿನವೂ ಬಳಸದವುಗಳನ್ನು ಡಿಸೇಬಲ್ ಮಾಡಿ. ಹಾಗೆ ಮಾಡಿದರೆ ತಂತ್ರಾಂಶ ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುತ್ತದೆ. ಆಂಟಿವೈರಸ್ ಹಾಗೂ ಧ್ವನಿಗೆ ಸಂಬಂಧಿಸಿದವುಗಳನ್ನು ಮುಟ್ಟಬೇಡಿ. ಆ ಕ್ಲೀನರ್ ಅನ್ನು ಮಾತ್ರ ಬುಡಸಮೇತ ತೆಗೆದುಹಾಕಿ. ರಿಜಿಸ್ಟ್ರಿಯಲ್ಲಿ ಉಳಿದುಹೋದ ಹಳೆಯ ನಮೂದುಗಳಿಂದ ಯಂತ್ರದ ವೇಗ ಕುಗ್ಗುವುದಿಲ್ಲ, ಆದರೆ ತಪ್ಪು ನಮೂದನ್ನು ಅಳಿಸಿದರೆ ವಿಂಡೋಸ್ ಏಳದೇ ಹೋಗುವ ಅಪಾಯವಿದೆ. ಇಂಥ ತಂತ್ರಾಂಶಗಳ ಬಳಕೆಯನ್ನು ಮೈಕ್ರೋಸಾಫ್ಟ್ ಕೂಡ ಬೆಂಬಲಿಸುವುದಿಲ್ಲ.

ಮೂಲೆಮೇಜು

ನಾನು ಟೆಂಪ್ ಮತ್ತು ಪ್ರಿಫೆಚ್ ಫೋಲ್ಡರುಗಳಲ್ಲಿ ಇರುವುದನ್ನೆಲ್ಲ ತಿಂಗಳಿಗೊಮ್ಮೆ ಅಳಿಸಿ, ಬಳಿಕ ಡಿಫ್ರ್ಯಾಗ್ (ಡಿಸ್ಕಿನಲ್ಲಿ ಚದುರಿದ ಕಡತಗಳ ತುಣುಕುಗಳನ್ನು ಒಟ್ಟುಗೂಡಿಸುವುದು) ಮಾಡುತ್ತೇನೆ. ಅಷ್ಟೇ ಸಾಕಾಗುತ್ತದೆ ಎಂದು ನನ್ನ ಅನಿಸಿಕೆ.

ತಿರುಪುಳಿ

ಮೂಲೆಮೇಜು ಅವರೇ, ಟೆಂಪ್ ಫೋಲ್ಡರನ್ನು ಖಾಲಿ ಮಾಡಿದರೆ ಜಾಗ ಸಿಗುತ್ತದೆ. ಡಿಸ್ಕ್ ಭರ್ತಿಯಾಗುವ ಹಂತದಲ್ಲಿದ್ದರೆ ಮಾತ್ರ ಅದರಿಂದ ವೇಗವೂ ಸಿಗುತ್ತದೆ. ಪ್ರಿಫೆಚ್ ವಿಷಯ ಬೇರೆ. ಯಾವ ತಂತ್ರಾಂಶಕ್ಕೆ ಯಾವ ಕಡತಗಳು ಬೇಕಾಗುತ್ತವೆ ಎಂದು ವಿಂಡೋಸ್ ಗುರುತು ಹಾಕಿಕೊಳ್ಳುವ ಜಾಗವದು. ಅದನ್ನು ಅಳಿಸಿದರೆ ಮುಂದಿನ ಕೆಲವು ಸಲ ತಂತ್ರಾಂಶಗಳು ಇನ್ನಷ್ಟು ತಡವಾಗಿ ತೆರೆದುಕೊಳ್ಳುತ್ತವೆ. ಡಿಫ್ರ್ಯಾಗನ್ನು ವಿಂಡೋಸ್ ಸಾಮಾನ್ಯವಾಗಿ ವಾರಕ್ಕೊಮ್ಮೆ ತಾನೇ ಮಾಡಿಕೊಳ್ಳುತ್ತದೆ.

ಕಾಯುವವ

ನೀವು ಹೇಳಿದಂತೆ ನೋಡಿದೆ. ಮೊದಲ ಆರು ನಿಮಿಷ ಡಿಸ್ಕ್ ಶೇ. 100ರಿಂದ ಇಳಿಯಲೇ ಇಲ್ಲ. ಸಿಪಿಯು ಶೇ. 15ರ ಆಸುಪಾಸಿನಲ್ಲಿತ್ತು, ಮೆಮೊರಿ ಶೇ. 70 ಇತ್ತು, ಬ್ರೌಸರಿನಲ್ಲಿ ಐದಾರು ಟ್ಯಾಬ್ ತೆರೆದಾಗ ಅದು ಶೇ. 91ಕ್ಕೆ ಏರಿತು. ಸ್ಟಾರ್ಟಪ್ ಪಟ್ಟಿಯಲ್ಲಿ ಹನ್ನೊಂದು ತಂತ್ರಾಂಶಗಳಿದ್ದವು, ಅವುಗಳಲ್ಲಿ ಎಂದೋ ಮಾರಿಬಿಟ್ಟ ಪ್ರಿಂಟರಿನದೂ ಒಂದು! ಏಳನ್ನು ನಿಲ್ಲಿಸಿದೆ. ಆಶ್ಚರ್ಯವೆಂದರೆ ಆಂಟಿವೈರಸ್ ಎರಡು ಇದ್ದವು, ಒಂದನ್ನು ತೆಗೆದೆ. ಈಗ ಆರು ನಿಮಿಷದ ಕಾಯುವಿಕೆ ನಾಲ್ಕಕ್ಕೆ ಇಳಿದಿದೆ.

ಹಳೇಕೀಲಿಮಣೆ

ನಿಮ್ಮ ಅಂಕಿಗಳೇ ಉತ್ತರ ಹೇಳುತ್ತಿವೆ. ಪ್ರೊಸೆಸರ್ ಆರಾಮವಾಗಿ ಕುಳಿತಿದೆ, ಡಿಸ್ಕ್ ಮಾತ್ರ ಒದ್ದಾಡುತ್ತಿದೆ. ಡೆಸ್ಕ್‌ಟಾಪಿನ ಹಾರ್ಡ್ ಡಿಸ್ಕಿನೊಳಗಿನ ತಟ್ಟೆ ಸಾಮಾನ್ಯವಾಗಿ ನಿಮಿಷಕ್ಕೆ 7200 ಸಲ ಸುತ್ತುತ್ತದೆ. ಓದುವ ತಲೆ ಸರಿಯಾದ ಪಥಕ್ಕೆ ಸರಿದು, ಬೇಕಾದ ಭಾಗ ತನ್ನ ಕೆಳಗೆ ಸುತ್ತಿ ಬರುವವರೆಗೆ ಕಾಯಬೇಕು. ಹೀಗೆ ಪ್ರತಿ ಹುಡುಕಾಟಕ್ಕೆ ಹತ್ತು ಮಿಲಿಸೆಕೆಂಡಿಗಿಂತ ತುಸು ಹೆಚ್ಚೇ ಹಿಡಿಯುವುದರಿಂದ, ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟು ಓದಿದರೆ ಹೆಚ್ಚು. ವಿಂಡೋಸ್ ಏಳುವಾಗ ಇಂಥ ಸಾವಿರಾರು ಕಡತಗಳು ಬೇಕು. ನಿಮಗೆ ಕೇಳಿಸುವ ಗರಗರ ಸದ್ದು ಆ ತಲೆಯ ಓಡಾಟದ್ದೇ. ಎಸ್‌ಎಸ್‌ಡಿಯಲ್ಲಿ (ಹಾರ್ಡ್ ಡಿಸ್ಕಿನ ಬದಲು ಬಳಸುವ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಸಾಧನ) ಸುತ್ತುವ ಭಾಗವೇ ಇಲ್ಲದ ಕಾರಣ ಅದು ಇದೇ ಕೆಲಸವನ್ನು ಸೆಕೆಂಡಿಗೆ ಸಾವಿರಾರು ಸಲ ಮಾಡುತ್ತದೆ. ಫಾರ್ಮ್ಯಾಟ್ ಮಾಡಿದರೂ ಡಿಸ್ಕಿನ ಈ ಮಿತಿ ಹಾಗೆಯೇ ಉಳಿಯುತ್ತದೆ. ನಾಲ್ಕು ದಿನ ಚುರುಕಾದಂತೆ ಕಂಡು ಮತ್ತೆ ಮೊದಲಿನಂತಾಗುತ್ತದೆ.

ರ‍್ಯಾಮ್ ಕೂಡ ಕಡಿಮೆಯೇ. ಅದು ಸಾಲದಾದಾಗ ವಿಂಡೋಸ್ ಒಂದಷ್ಟು ಭಾಗವನ್ನು ಡಿಸ್ಕಿಗೆ ಇಳಿಸಿ ಮತ್ತೆ ಹತ್ತಿಸುತ್ತಿರುತ್ತದೆ, ಮೊದಲೇ ಬಸವಳಿದ ಡಿಸ್ಕಿನ ಮೇಲೆ ಆ ಹೊರೆಯೂ ಬೀಳುತ್ತದೆ. ಎರಡನ್ನೂ ಕೊಳ್ಳಲು ಸಾಧ್ಯವಾದರೆ ಒಳ್ಳೆಯದು. ಒಂದನ್ನೇ ಆರಿಸಬೇಕೆಂದರೆ ನಾನು ಎಸ್‌ಎಸ್‌ಡಿಯನ್ನೇ ಆರಿಸುತ್ತೇನೆ. ರ‍್ಯಾಮ್ ಕೊಳ್ಳುವ ಮುನ್ನ ನಿಮ್ಮ ಯಂತ್ರಕ್ಕೆ ಬೇಕಾದ ಬಗೆ ಡಿಡಿಆರ್3 ಆಗಿದೆಯೋ ಡಿಡಿಆರ್4 ಆಗಿದೆಯೋ ಎಂದು ಖಚಿತಪಡಿಸಿಕೊಳ್ಳಿ, ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಖಾಲಿ ಸ್ಲಾಟ್ ಇದೆಯೇ ಎಂಬುದು ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಮೆಮೊರಿಯನ್ನು ಆರಿಸಿದರೆ ಕಾಣುತ್ತದೆ.

ಇವೆಲ್ಲಕ್ಕೂ ಮೊದಲು, ಸಾಧ್ಯವಾದರೆ ಇಂದೇ, ಫೋಟೊಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಡಿ. ಏಳು ವರ್ಷ ದುಡಿದ ಹಾರ್ಡ್ ಡಿಸ್ಕನ್ನು ನಂಬಿ ಕೂರುವಂತಿಲ್ಲ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶ ಡಿಸ್ಕಿನ ಆರೋಗ್ಯವನ್ನು ತೋರಿಸುತ್ತದೆ. ಅದರಲ್ಲಿ ‘ಕಾಶನ್’ ಅಥವಾ ‘ಬ್ಯಾಡ್’ ಎಂದು ಬಂದರೆ ಈ ನಿಧಾನಗತಿಗೆ ಡಿಸ್ಕಿನ ಕಾಯಿಲೆಯೇ ಕಾರಣವಿರಬಹುದು. ಇನ್ನೊಂದು ಮಾತು: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ನಿಮ್ಮ ಯಂತ್ರ ವಿಂಡೋಸ್ 11ಕ್ಕೆ ಅರ್ಹವೇ ಎಂಬುದನ್ನು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ತಿಳಿಸುತ್ತದೆ. ಅರ್ಹವಲ್ಲದಿದ್ದರೆ ನಿಮ್ಮ ಬಳಕೆಗೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಧಾರಾಳವಾಗಿ ಸಾಕು.

ಕಾಯುವವ

ಎರಡು ವಾರದ ನಂತರ ಬರೆಯುತ್ತಿದ್ದೇನೆ. ಫೋಟೊಗಳನ್ನು ಹೊರಗಿನ ಡಿಸ್ಕಿಗೆ ನಕಲು ಮಾಡಿಕೊಂಡು, 500 ಜಿಬಿಯ ಎಸ್‌ಎಸ್‌ಡಿ ತಂದು, ಕ್ಲೋನ್ ಮಾಡುವ ತಂತ್ರಾಂಶದಿಂದ ವಿಂಡೋಸ್ ಸಮೇತ ಎಲ್ಲವನ್ನೂ ಅದಕ್ಕೆ ವರ್ಗಾಯಿಸಿದೆ. ಆದರೆ ಕಂಪ್ಯೂಟರ್ ಈಗಲೂ ಮೊದಲಿನಷ್ಟೇ ಹೊತ್ತು ತೆಗೆದುಕೊಳ್ಳುತ್ತಿದೆ, ಗರಗರ ಸದ್ದೂ ಹಾಗೆಯೇ ಇದೆ. ಎಲ್ಲಿ ತಪ್ಪಿದೆ?

ಹಳೇಕೀಲಿಮಣೆ

ಸದ್ದು ಇನ್ನೂ ಇದೆ ಎಂದರೆ ಯಂತ್ರ ಹಳೆಯ ಡಿಸ್ಕಿನಿಂದಲೇ ಏಳುತ್ತಿದೆ. ವಿದ್ಯುತ್ ತಂತಿಯನ್ನು ಗೋಡೆಯಿಂದ ಕಿತ್ತ ಮೇಲೆ, ಹಳೆಯ ಡಿಸ್ಕಿನ ಸಾಟಾ ಕೇಬಲನ್ನು (ಡಿಸ್ಕನ್ನು ಮದರ್‌ಬೋರ್ಡಿಗೆ ಜೋಡಿಸುವ ತಂತಿ) ಬಿಡಿಸಿ, ಹೊಸದರಿಂದ ಮಾತ್ರ ಒಮ್ಮೆ ಶುರುಮಾಡಿ. ಸರಿಯಾಗಿ ಎದ್ದರೆ ಕಂಪ್ಯೂಟರನ್ನು ಮತ್ತೆ ಆಫ್ ಮಾಡಿ ಹಳೆಯದನ್ನು ಜೋಡಿಸಿ, ಬಯಾಸ್‌ನ ಬೂಟ್ ಕ್ರಮದಲ್ಲಿ (ಯಂತ್ರ ಯಾವ ಡಿಸ್ಕಿನಿಂದ ಏಳಬೇಕೆಂಬ ಪಟ್ಟಿಯಲ್ಲಿ) ಎಸ್‌ಎಸ್‌ಡಿಯನ್ನು ಮೊದಲಿಗಿಡಿ.

ಕಾಯುವವ

ಅದೇ ಆಗಿತ್ತು. ಈಗ ಗುಂಡಿ ಒತ್ತಿದಾಗಿನಿಂದ ಬ್ರೌಸರ್ ತೆರೆಯುವವರೆಗೆ ಮೂವತ್ತೆಂಟು ಸೆಕೆಂಡು. ರ‍್ಯಾಮ್ ಇನ್ನೂ ಕೊಂಡಿಲ್ಲ, ಹಾಗಾಗಿ ಹತ್ತು ಟ್ಯಾಬ್ ದಾಟಿದರೆ ತುಸು ತಡವರಿಸುತ್ತದೆ. ಖಾಲಿ ಸ್ಲಾಟ್ ಒಂದಿದೆ ಎಂದು ನೋಡಿಕೊಂಡಿದ್ದೇನೆ.