‘ಇದೆಯಂತೆ’, ‘ಇರಬೇಕು’, ‘ಇದ್ದೀತು’: ಇನ್ನೂ ಹೊರಬರದ ಗೇಮ್ ಕನ್ಸೋಲ್ ಬಗ್ಗೆ ಬರೆಯುವಾಗ ಯಾವುದು?

ಗೆಳೆಯರಿಗೆ ನಮಸ್ಕಾರ.

ಒಂದು ಬಳಕೆಯ ಪ್ರಶ್ನೆ ಇದೆ. ಸೋನಿಯ ಪ್ಲೇಸ್ಟೇಷನ್ 5 ಮತ್ತು ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಎಂಬ ಗೇಮ್ ಕನ್ಸೋಲ್‌ಗಳು (ಟಿವಿಗೆ ಜೋಡಿಸಿ ಆಡುವ ಯಂತ್ರಗಳು) 2020ರ ನವೆಂಬರ್‌ನಲ್ಲಿ ಮಾರುಕಟ್ಟೆಗೆ ಬಂದವು. ಅದಕ್ಕೆ ಮುಂಚೆ ಒಂದು ವರ್ಷಕ್ಕೂ ಜಾಸ್ತಿ ಕಾಲ, ಅವುಗಳ ಒಳಗೆ ಏನಿರುತ್ತದೆ ಎಂದು ಆಟಗಾರರು ತಲೆ ಕೆಡಿಸಿಕೊಂಡಿದ್ದರು. ಆ ಲೆಕ್ಕಾಚಾರಗಳ ಬಗ್ಗೆ ಒಂದು ಬರಹ ಮಾಡುತ್ತಿದ್ದೇನೆ. ಈಗ ಮುಂದಿನ ಸುತ್ತು ಶುರುವಾಗಿದೆ. ಮುಂದಿನ ಎಕ್ಸ್‌ಬಾಕ್ಸ್‌ಗೂ ಚಿಪ್ ಕಂಪನಿ ಎಎಂಡಿ ಜೊತೆಗೇ ಕೆಲಸ ಎಂದು ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಹೇಳಿತು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸೋನಿಯ ಕನ್ಸೋಲ್‌ಗಳ ಮುಖ್ಯ ವಿನ್ಯಾಸಕ ಮಾರ್ಕ್ ಸರ್ನಿ ಕೂಡ ಎಎಂಡಿಯವರ ಜೊತೆ ಕೂತು, ಕೆಲವು ವರ್ಷಗಳಲ್ಲಿ ಬರುವ ಕನ್ಸೋಲ್‌ನ ಮಾತೆತ್ತಿದರು. ಆಮೇಲೆ ಕೇಳಬೇಕೇ, ಸಂಖ್ಯೆಗಳ ಸುರಿಮಳೆ.

ಬರಹ ನೋಡಿಕೊಟ್ಟ ಸ್ನೇಹಿತರೊಬ್ಬರು ನಾನು ‘ಅಂತೆ’ ಎಂದು ಬರೆದ ಕಡೆಯೆಲ್ಲ ‘ಎನ್ನಲಾಗಿದೆ’ ಎಂದು ತಿದ್ದಿದರು. ‘ಅಂತೆ’ ಅಂದರೆ ಅರಳಿಕಟ್ಟೆ ಮಾತಾಗುತ್ತದೆ, ಅಚ್ಚಿಗೆ ಹೊಂದುವುದಿಲ್ಲ ಎನ್ನುವುದು ಅವರ ವಾದ. ‘ಅಂತೆಕಂತೆ’ ಎಂಬ ಮಾತೇ ಇದೆಯಲ್ಲ ಎಂದರು. ಇದೆ, ನಿಜ. ಆದರೂ ನನಗೆ ಒಪ್ಪಿಗೆಯಾಗಲಿಲ್ಲ. ‘ಎನ್ನಲಾಗಿದೆ’ ಕಿವಿಗೆ ಬಿದ್ದದ್ದು, ಕಣ್ಣಿಗೆ ಕಂಡದ್ದು, ತಾನೇ ಗುಣಿಸಿ ತೆಗೆದದ್ದು ಎಲ್ಲವನ್ನೂ ಒಂದೇ ಗೋಣಿಚೀಲಕ್ಕೆ ತುಂಬಿಬಿಡುತ್ತದೆ. ಈ ವಿಷಯದಲ್ಲಿ ಅವು ಬೇರೆ ಬೇರೆಯಾಗಿ ಕಾಣುವುದೇ ಮುಖ್ಯ.

ಒಂದು ಉದಾಹರಣೆಯನ್ನೇ ಬಿಡಿಸಿ ನೋಡೋಣ. 2019 ಮುಗಿಯುವ ಹೊತ್ತಿಗೆ ಎಎಂಡಿಯ ಒಳಗಿನ ಪರೀಕ್ಷೆಯ ಕೆಲವು ಮಾಹಿತಿ, ಪ್ರೋಗ್ರಾಮ್ ಕಡತಗಳನ್ನು ಇಡುವ ಗಿಟ್‌ಹಬ್ ಎಂಬ ಜಾಲತಾಣದಲ್ಲಿ ಸಿಕ್ಕಿ ಸುದ್ದಿಯಾಯಿತು. ಅದರಲ್ಲಿದ್ದ ‘ಒಬೆರಾನ್’ ಎಂಬ ಚಿಪ್ ಪ್ಲೇಸ್ಟೇಷನ್ 5ರದ್ದು ಎಂದು ಜನ ಹೇಳಿದರು. ಅಲ್ಲಿ ಕಂಡದ್ದು 36 ಕಂಪ್ಯೂಟ್ ಯೂನಿಟ್ (ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗ), 2.0 ಗಿಗಾಹರ್ಟ್ಸ್ ವೇಗ, ಅಂದರೆ ಸೆಕೆಂಡಿಗೆ 200 ಕೋಟಿ ಕ್ಲಾಕ್ ಬಡಿತ. ಒಂದೊಂದು ಯೂನಿಟ್‌ನಲ್ಲಿ ಶೇಡರ್ ಎಂಬ 64 ಪುಟ್ಟ ಲೆಕ್ಕಿಗರು. ಒಂದೊಂದು ಶೇಡರ್ ಪ್ರತಿ ಕ್ಲಾಕ್‌ಗೆ 2 ಲೆಕ್ಕ ಮಾಡುತ್ತದೆ. 36 × 64 × 2 × 2.0 ಮಾಡಿದರೆ ಬರುವುದು 9.2 ಟೆರಾಫ್ಲಾಪ್, ಅಂದರೆ ಸೆಕೆಂಡಿಗೆ 9.2 ಲಕ್ಷ ಕೋಟಿ ಲೆಕ್ಕ. ಇನ್ನೊಂದು ಕಡೆ, ಒಳಗಿನವರು ಹೇಳಿದ್ದು ಎಂದು 13 ಟೆರಾಫ್ಲಾಪ್ ಎಂಬ ಮಾತೂ ಓಡಾಡುತ್ತಿತ್ತು.

ಈಗ ನೋಡಿ. 36 ಎನ್ನುವುದು ಕಡತದಲ್ಲಿ ಕಂಡದ್ದು. 9.2 ಎನ್ನುವುದು ಗುಣಿಸಿದ್ದು. 13 ಎನ್ನುವುದು ಯಾರೋ ಹೇಳಿದ್ದು. ‘ಎನ್ನಲಾಗಿದೆ’ ಎಂದರೆ ಮೂರೂ ಒಂದೇ ತೂಕದ್ದಾಗುತ್ತವೆ. ಕನ್ನಡದಲ್ಲಿ ಸುಮ್ನೆ ಮಾತಾಡುವಾಗ ನಾವು ಹಾಗೆ ಮಾಡುವುದಿಲ್ಲ. ‘36 ಯೂನಿಟ್ ಇವೆ ಅಂತ ಕಡತದಲ್ಲಿದೆ, ಹಾಗಿದ್ರೆ 9.2 ಇರಬೇಕು, ಯಾರೋ ಹೇಳಿದ್ರು 13 ಇದೆಯಂತೆ’ ಅಂತೀವಿ. ಯಾವ ಮಾತನ್ನು ಎಷ್ಟು ನಂಬಬೇಕು ಎಂಬುದು ಕ್ರಿಯಾಪದದ ಬಾಲದಲ್ಲೇ ಗೊತ್ತಾಗುತ್ತದೆ, ಅಲ್ವಾ?

ಕೊನೆಗೆ ಆದದ್ದೇನೆಂದರೆ, 2020ರ ಮಾರ್ಚ್ 18ರಂದು ಸರ್ನಿ ಅವರೇ ವಿವರ ಕೊಟ್ಟರು. 36 ಯೂನಿಟ್ ಸರಿಯಾಗಿತ್ತು. ವೇಗ ಮಾತ್ರ 2.23 ಗಿಗಾಹರ್ಟ್ಸ್‌ವರೆಗೆ ಏರಿತ್ತು. ಹಾಗಾಗಿ 10.28 ಟೆರಾಫ್ಲಾಪ್. ಕಂಡದ್ದು ನಿಂತಿತು, ಗುಣಿಸಿದ್ದು ಸ್ವಲ್ಪ ಕದಲಿತು, ಕೇಳಿದ್ದು ಬಿದ್ದುಹೋಯಿತು. ಯಾವಾಗಲೂ ಹೀಗೇ ಆಗುತ್ತದೆ ಅಂತಲ್ಲ. ಪ್ಲೇಸ್ಟೇಷನ್ 4ರಲ್ಲಿ 4 ಜಿಬಿ ಮೆಮೊರಿ ಎಂಬ ಮಾತು ಗಟ್ಟಿಯಾಗಿಯೇ ಇತ್ತು. 2013ರ ಫೆಬ್ರವರಿಯಲ್ಲಿ ಸೋನಿ ಘೋಷಿಸಿದ್ದು 8 ಜಿಬಿ.

ಇನ್ನು ನನಗೆ ತೊಡಕಾಗಿರುವ ಜಾಗಗಳು.

‘ಇರಬೇಕು’ಗೆ ಎರಡು ಮುಖ. ‘ಹೊಸ ಕನ್ಸೋಲ್‌ನಲ್ಲಿ 16 ಜಿಬಿ ಮೆಮೊರಿ ಇರಬೇಕು’ ಎಂದು ಬರೆದರೆ, ಇದೆ ಎಂದು ನನ್ನ ಊಹೆಯೋ, ಇರಲೇಬೇಕು ಎಂದು ನನ್ನ ಬೇಡಿಕೆಯೋ? ಬಾಯಲ್ಲಿ ಹೇಳುವಾಗ ದನಿಯಲ್ಲಿ ತಿಳಿಯುತ್ತದೆ. ಅಚ್ಚಿನಲ್ಲಿ ತಿಳಿಯುವುದಿಲ್ಲ. ಅದರಲ್ಲೂ ಆಟಗಾರರ ಬರಹಗಳಲ್ಲಿ ಊಹೆ ಮತ್ತು ಬೇಡಿಕೆ ಪಕ್ಕಪಕ್ಕದಲ್ಲೇ ಇರುತ್ತವೆ. ‘ಇರಬಹುದು’ ಎಂದರೆ ಸಪ್ಪೆ. ಲೆಕ್ಕ ಹಾಕಿ ತೆಗೆದದ್ದಕ್ಕೆ ಅದು ತೀರಾ ಕಡಿಮೆಯಾಯಿತು.

‘ಇದ್ದೀತು’, ‘ಬಂದೀತು’ ನನಗೆ ತುಂಬ ಇಷ್ಟ. ವ್ಯಾಕರಣದವರು ಸಂಭಾವನಾರ್ಥಕ ಅನ್ನುತ್ತಾರೆ. ಪುರಾವೆಯಿಲ್ಲದ, ಆದರೆ ಆಗದ್ದೇನೂ ಅಲ್ಲದ ಮಾತಿಗೆ ಇದಕ್ಕಿಂತ ಒಳ್ಳೆಯ ರೂಪ ಕಾಣೆ. ಆದರೆ ಇದರಲ್ಲಿ ಕೆಲವು ಸಲ ಎಚ್ಚರಿಕೆಯ ದನಿ ಬಂದುಬಿಡುತ್ತದೆ. ‘ಬಿದ್ದೀಯೆ, ಜೋಕೆ’ ಅನ್ನುತ್ತೇವಲ್ಲ, ಹಾಗೆ. ‘ಬೆಲೆ ಐವತ್ತು ಸಾವಿರ ದಾಟೀತು’ ಎಂದು ಬರೆದರೆ ಓದುಗ ಜೇಬು ಮುಟ್ಟಿಕೊಳ್ಳುತ್ತಾನೆ. (ಭಾರತದಲ್ಲಿ ಪ್ಲೇಸ್ಟೇಷನ್ 5 ಬಂದದ್ದು 2021ರ ಫೆಬ್ರವರಿ 2ರಂದು, ಡಿಸ್ಕ್ ಹಾಕುವ ಮಾದರಿಗೆ 49,990 ರೂಪಾಯಿ. ಹತ್ತು ರೂಪಾಯಿಯಲ್ಲಿ ದಾಟಲಿಲ್ಲ!) ಮತ್ತೆ ಧಾರವಾಡ ಕಡೆಯವರಿಗೆ ‘ಬಂದಾನ’ ಅಂದರೆ ಬಂದಿದ್ದಾನೆ ಎಂದೇ ಅರ್ಥ. ಅವರು ‘ಬಂದಾನು’ ಓದುವಾಗ ಗೊಂದಲವಾಗುತ್ತದೆಯೇ? ಆ ಕಡೆಯವರು ಯಾರಾದರೂ ಹೇಳಬೇಕು.

‘ಅಂತೆ’ಯ ತೊಡಕು ಬೇರೆ. ‘ಸೋನಿ ಹೇಳಿದಂತೆ 10.28’ ಎಂದರೆ ಸೋನಿಯೇ ಹೇಳಿದ್ದು, ಅನುಮಾನವಿಲ್ಲ. ‘10.28 ಎಂದು ಸೋನಿ ಹೇಳಿದೆಯಂತೆ’ ಎಂದರೆ ಸೋನಿ ಹೇಳಿತೋ ಇಲ್ಲವೋ ನನಗೆ ಖಾತ್ರಿಯಿಲ್ಲ. ನಡುವೆ ಇರುವುದು ಎರಡೇ ಅಕ್ಷರದಷ್ಟು ದೂರ. ಬೇಗ ಓದಿಕೊಂಡು ಹೋಗುವವರು ಎಡವುತ್ತಾರೆ ಎಂಬ ಭಯ ನನಗೂ ಇದೆ. ಬರೆಯುವ ರೀತಿಯಲ್ಲೂ ಒಂದು ಸಣ್ಣ ಪ್ರಶ್ನೆ: ‘ಬರುತ್ತದಂತೆ’ಯೋ ‘ಬರುತ್ತದೆಯಂತೆ’ಯೋ?

ನಾಮಪದಗಳ ಬಗ್ಗೆಯೂ ಎರಡು ಮಾತು. ‘ವದಂತಿ’ ಎಂದ ಕೂಡಲೇ ‘ವದಂತಿಗಳಿಗೆ ಕಿವಿಗೊಡಬೇಡಿ’ ಎಂಬ ಪೊಲೀಸ್ ಪ್ರಕಟಣೆ ನೆನಪಾಗುತ್ತದೆ. ಗ್ರಾಫಿಕ್ಸ್ ಚಿಪ್ಪಿಗೆ ಅಷ್ಟು ಗಾಬರಿ ಬೇಡ. ‘ಗಾಳಿಸುದ್ದಿ’ ಅಂದರೆ ಸುಳ್ಳು ಎಂದು ಮೊದಲೇ ತೀರ್ಪು ಕೊಟ್ಟ ಹಾಗೆ. ‘ಸೋರಿಕೆ’ ಇದಕ್ಕೆ ತಿರುಗುಮುರುಗು. ಪ್ರಶ್ನೆಪತ್ರಿಕೆ ಸೋರಿಕೆಯಾಯಿತು ಅಂದರೆ ಅಸಲಿ ಪತ್ರಿಕೆಯೇ ಹೊರಬಂತು ಎಂದರ್ಥ. ಗಿಟ್‌ಹಬ್‌ನ ಕಡತಕ್ಕೆ ಅದು ಸರಿ. ಹೆಸರಿಲ್ಲದವನೊಬ್ಬ ಬರೆದ 13 ಟೆರಾಫ್ಲಾಪ್‌ಗೆ ‘ಸೋರಿಕೆ’ ಅನ್ನುವುದು ಅವನಿಗೆ ಕೊಡಬಾರದ ಮರ್ಯಾದೆ. ಹಳೇ ಮೈಸೂರಿನ ಹಿರಿಯರು ‘ಪುಕಾರು’ ಅನ್ನುತ್ತಿದ್ದರು. ನಿಜವೂ ಇರಬಹುದು, ಸುಳ್ಳೂ ಇರಬಹುದು, ಊರೆಲ್ಲ ಹಬ್ಬಿದೆ ಅಷ್ಟೇ. ನನಗೆ ಇದೇ ಬೇಕು. ಈಗಿನ ಹುಡುಗರಿಗೆ ಅರ್ಥವಾಗುತ್ತದೆಯೇ ಎಂಬುದು ಅನುಮಾನ. ಟೆರಾಫ್ಲಾಪ್, ಜಿಬಿ, ಚಿಪ್ ಇವನ್ನೆಲ್ಲ ಹಾಗೇ ಬಿಟ್ಟಿದ್ದೇನೆ, ಅದರ ಚರ್ಚೆ ಬೇಡ.

ಕಡೆಯ ಪ್ರಶ್ನೆಯೇ ನಿಜವಾದ ಕಗ್ಗಂಟು. ‘ಅಂತೆ’ ಮಾತಾಡುವ ಹೊತ್ತಿಗೆ ಅಂಟಿಕೊಂಡಿರುತ್ತದೆ. 2019ರ ಪುಕಾರನ್ನು ಇವತ್ತು ಬರೆಯುವಾಗ ‘13 ಟೆರಾಫ್ಲಾಪ್ ಇತ್ತಂತೆ’ ಎಂದರೆ ಅರ್ಥವೇ ಬದಲಾಗುತ್ತದೆ. ಆಗ ಇತ್ತು ಎಂದು ಈಗ ಕೇಳಿದ್ದೇನೆ ಎಂದಾಗುತ್ತದೆ. ನನಗೆ ಬೇಕಾದದ್ದು, ಇರುತ್ತದೆ ಎಂದು ಆಗ ಕೇಳಿದ್ದೆವು ಎಂಬ ಅರ್ಥ. ಸದ್ಯಕ್ಕೆ ‘ಇರುತ್ತದಂತೆ ಎಂಬ ಮಾತಿತ್ತು’ ಎಂದು ಬರೆದಿದ್ದೇನೆ. ಪುಟದಲ್ಲಿ ಅದೇ ನಾಲ್ಕು ಸಲ ಬಂದು ಉದ್ದವಾಗಿ ಕೂತಿದೆ. ಇದಕ್ಕಿಂತ ಚಿಕ್ಕ ರೂಪ ನಿಮ್ಮ ಕಡೆ ಬಳಕೆಯಲ್ಲಿದ್ದರೆ, ಯಾವ ಊರಿನದು ಎಂದು ಸೇರಿಸಿ ದಯವಿಟ್ಟು ತಿಳಿಸಿ.