ಅಪ್ಪನ ತಾಳಮದ್ದಳೆ ಕ್ಯಾಸೆಟ್‌ಗಳು: ಗ್ಯಾಸ್‌ಲೈಟಿನ ಸದ್ದನ್ನು ಅಳಿಸಬೇಕೇ, ಉಳಿಸಬೇಕೇ?

ಪ್ರಶ್ನೆ – ಬದಿಯಡ್ಕದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯ ಅಟ್ಟದ ತಗಡಿನ ಪೆಟ್ಟಿಗೆಯಲ್ಲಿ, ಅಪ್ಪ 1983ರಿಂದ 1991ರ ತನಕ ರೆಕಾರ್ಡ್ ಮಾಡಿಟ್ಟಿದ್ದ 38 ಕ್ಯಾಸೆಟ್‌ಗಳು ಸಿಕ್ಕಿವೆ. ಹೆಚ್ಚಿನವು ನಮ್ಮ ಚಾವಡಿಯಲ್ಲಿಯೂ ನೆರೆಕರೆಯ ಮನೆಗಳಲ್ಲಿಯೂ ಪೂಜೆಯ ರಾತ್ರಿ ನಡೆದ ತಾಳಮದ್ದಳೆಗಳು, ಅಂದರೆ ವೇಷ-ಕುಣಿತವಿಲ್ಲದೆ ಕೂತು ಹಾಡು, ಮಾತಿನಲ್ಲಿಯೇ ನಡೆಸುವ ಯಕ್ಷಗಾನ.

ಆಗ ನಮ್ಮ ಮನೆಗೆ ಕರೆಂಟು ಬಂದಿರಲಿಲ್ಲ. ಟೇಪ್ ರೆಕಾರ್ಡರಿಗೆ ನಾಲ್ಕು ದೊಡ್ಡ ಸೆಲ್ ಹಾಕಬೇಕಿತ್ತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಸಿಗುವುದು 30 ನಿಮಿಷ ಮಾತ್ರವಾದ್ದರಿಂದ, ಅರ್ಥಧಾರಿಯ (ಪಾತ್ರವಾಗಿ ಮಾತಾಡುವವರ) ಮಾತಿನ ನಡುವೆ ಟೇಪ್ ಮುಗಿದುಹೋಗಬಾರದೆಂದು ಅಪ್ಪ ಕೈಗಡಿಯಾರ ನೋಡುತ್ತಲೇ ಇರುತ್ತಿದ್ದರು; 25 ನಿಮಿಷ ದಾಟಿದ ಮೇಲೆ ಭಾಗವತರು (ಹಾಡುವವರು) ಪದ ಎತ್ತಿದ ಕೂಡಲೇ ಕ್ಯಾಸೆಟ್ಟನ್ನು ತಿರುಗಿಸಿ ಹಾಕುತ್ತಿದ್ದರು. ಪದ ಪ್ರಸಂಗದ ಪುಸ್ತಕದಲ್ಲಿ ಸಿಗುತ್ತದೆ, ಅರ್ಥ, ಅಂದರೆ ಅರ್ಥಧಾರಿಯ ಮಾತು, ಇನ್ನೊಮ್ಮೆ ಸಿಗುವುದಿಲ್ಲ ಎಂಬುದು ಅವರ ಲೆಕ್ಕ. ಗಡಿಯಾರದ ಮೇಲೆ ಟಾರ್ಚ್ ಹಿಡಿಯುವ ಕೆಲಸ ಎಂಟು ವರ್ಷದ ನನ್ನದಾಗಿತ್ತು.

ಪೇಟೆಯ ಅಂಗಡಿಯೊಂದರಲ್ಲಿ ಎರಡು ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸಿದೆ. ಅವರು ಗ್ಯಾಸ್‌ಲೈಟಿನ ಸುಯ್ಯೆನ್ನುವ ಸದ್ದು, ಕೆಮ್ಮು, ನಡುವಿನ ಮಾತುಕತೆ ಎಲ್ಲವನ್ನೂ ತೆಗೆದು "ಕ್ಲೀನ್" ಮಾಡಿ ಕೊಟ್ಟರು. ಅದರೊಂದಿಗೆ ಚಕ್ರತಾಳವೆಂಬ ಲೋಹದ ತಾಳದ ನಾದವೂ ಮಂಕಾಯಿತು. ಬಂದವರಿಗೆ ಬೆಲ್ಲ ನೀರು ಕೊಟ್ಟಾಯಿತೇ ಎಂದು ಒಳಗಿನಿಂದ ಕೇಳುತ್ತಿದ್ದ ಅಜ್ಜಿಯ ಸ್ವರವೂ ಹೋಯಿತು. ಅಜ್ಜಿಯ ಸ್ವರ ನಮ್ಮಲ್ಲಿ ಬೇರೆಲ್ಲಿಯೂ ಇಲ್ಲ. ಉಳಿದ 36 ಕ್ಯಾಸೆಟ್‌ಗಳನ್ನು ನಾನೇ ಮಾಡಬೇಕೆಂದಿದ್ದೇನೆ. ಹೇಗೆ ತೊಡಗಲಿ? ಸದ್ದನ್ನು ಎಷ್ಟರ ಮಟ್ಟಿಗೆ ತೆಗೆಯುವುದು ಸರಿ?

ಉತ್ತರ – ನೀರ್ಚಾಲಿನಿಂದ

ಮೊದಲು ಆ ಎರಡು ಮೂಲ ಕ್ಯಾಸೆಟ್‌ಗಳು ನಿಮ್ಮ ಕೈಯಲ್ಲಿಯೇ ಇವೆಯೇ ನೋಡಿಕೊಳ್ಳಿ. ಇದ್ದರೆ ಏನೂ ಕಳೆದಿಲ್ಲ, ಅಜ್ಜಿಯ ಸ್ವರ ಟೇಪಿನಲ್ಲಿಯೇ ಇದೆ.

ನಮ್ಮ ಊರಿನ ಮಳೆಗಾಲದ ತೇವಕ್ಕೆ ಟೇಪಿನ ಅಂಚಿನಲ್ಲಿ ಬಿಳಿ ಬೂಷ್ಟು ಹಿಡಿಯುತ್ತದೆ. ಕ್ಯಾಸೆಟ್ಟಿನ ನಡುವಿನ ಪಾರದರ್ಶಕ ಕಿಂಡಿಯಲ್ಲಿ ಅದು ಹುಡಿಯಂತೆ ಕಾಣಿಸುತ್ತದೆ. ಅಂಥದ್ದನ್ನು ಹಾಗೆಯೇ ಹಾಕಿ ನುಡಿಸಬೇಡಿ. ಬೂಷ್ಟು ರೆಕಾರ್ಡರಿನ ಹೆಡ್ಡಿಗೆ (ಟೇಪನ್ನು ಓದುವ ಭಾಗಕ್ಕೆ) ಅಂಟಿಕೊಂಡು ಮುಂದಿನ ಕ್ಯಾಸೆಟ್ಟಿಗೂ ದಾಟುತ್ತದೆ. ಸ್ಕ್ರೂ ಇರುವ ಕ್ಯಾಸೆಟ್ಟಾದರೆ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಒಣಗಿದ ಮೆತ್ತನೆಯ ಬಟ್ಟೆಯಿಂದ ನಿಧಾನವಾಗಿ ಒರೆಸಿ. ಬಿಸಿಲಿಗೆ ಇಡಬೇಡಿ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಚಿಕ್ಕ ಫೆಲ್ಟ್ ತುಂಡಿನ ಅಂಟು ಇಷ್ಟು ವರ್ಷದಲ್ಲಿ ಬಿಟ್ಟಿರುವ ಸಾಧ್ಯತೆ ಹೆಚ್ಚು. ಅದು ಬಿದ್ದುಹೋಗಿದ್ದರೆ ಧ್ವನಿ ಒಮ್ಮೆ ಮೇಲೆ, ಒಮ್ಮೆ ಕೆಳಗೆ ಆಗುತ್ತದೆ. ಆಗ ಟೇಪನ್ನು ಸುರುಳಿ ಸಹಿತ ಬೇರೊಂದು ಒಳ್ಳೆಯ ಕ್ಯಾಸೆಟ್ಟಿನ ಕವಚಕ್ಕೆ ವರ್ಗಾಯಿಸಬೇಕು. ನುಡಿಸುವ ಮೊದಲು ಪ್ರತಿಯೊಂದನ್ನೂ ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಪೂರ್ತಿ ಸುತ್ತಿಸಿ.

ಸೆಲ್ಲಿನ ವಿಚಾರ ನೀವು ಹೇಳಿದ್ದು ಒಳ್ಳೆಯದಾಯಿತು. ರಾತ್ರಿ ಕಳೆದಂತೆ ಸೆಲ್ ಸೋತು ಟೇಪ್ ನಿಧಾನವಾಗಿ ಓಡಿರುತ್ತದೆ; ಅದನ್ನು ಈಗ ಸರಿಯಾದ ವೇಗದಲ್ಲಿ, ಅಂದರೆ ಸೆಕೆಂಡಿಗೆ 4.76 ಸೆಂಟಿಮೀಟರಿನಂತೆ ನುಡಿಸಿದಾಗ ಎಲ್ಲರ ಸ್ವರವೂ ಕೀಚಲಾಗಿ, ಅವಸರದಲ್ಲಿ ಕೇಳಿಸುತ್ತದೆ. ಇದನ್ನು ತಿದ್ದಲು ಶ್ರುತಿಪೆಟ್ಟಿಗೆಯೇ ಆಧಾರ. ಒಂದೇ ಶ್ರುತಿಯಲ್ಲಿ ಹಾಡಿದ ಭಾಗಗಳಲ್ಲಿ, ಹೊಸ ಸೆಲ್ ಇದ್ದಾಗಿನ ಆರಂಭದ ಶ್ರುತಿಗೆ ಕೊನೆಯ ಭಾಗದ ಶ್ರುತಿಯನ್ನು ಹೊಂದಿಸಿದರೆ ಮಾತೂ ತನ್ನಷ್ಟಕ್ಕೆ ಸರಿಯಾಗುತ್ತದೆ. ಇನ್ನೊಂದು ಸಂಗತಿ: ಮಾತು ಆರಂಭವಾಗುವ ಒಂದೆರಡು ಸೆಕೆಂಡ್ ಮೊದಲೇ ಅದೇ ಮಾತು ತೀರಾ ಮಂದವಾಗಿ ಕೇಳಿಸಿದರೆ ಗಾಬರಿಯಾಗಬೇಡಿ. ವರ್ಷಾನುಗಟ್ಟಲೆ ಸುತ್ತಿಟ್ಟ ಟೇಪಿನಲ್ಲಿ ಒಂದು ಸುತ್ತಿನ ಅಯಸ್ಕಾಂತೀಯ ಅಚ್ಚು ಪಕ್ಕದ ಸುತ್ತಿಗೆ ಇಳಿದಿರುತ್ತದೆ.

ಮೂಲವನ್ನು 24 ಬಿಟ್, 48 ಕಿಲೋಹರ್ಟ್ಸ್ ವೇವ್ ಫೈಲಾಗಿ ಏನನ್ನೂ ತೆಗೆಯದೆ ಇಡಿ. ತಿದ್ದುವುದೆಲ್ಲ ಅದರ ಪ್ರತಿಯಲ್ಲಿ.

ಉತ್ತರ – ಕುಂಬಳೆಯಿಂದ

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಿನವನಾಗಿ ಒಂದು ಮಾತು ಹೇಳುತ್ತೇನೆ. ನಿಮ್ಮ ತಂದೆಯವರ ಲೆಕ್ಕ ನೂರಕ್ಕೆ ನೂರು ಸರಿ. ತಾಳಮದ್ದಳೆಯಲ್ಲಿ ಪದ ಕವಿಯದ್ದು, ಅರ್ಥ ಆ ರಾತ್ರಿಯದ್ದು. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರು (1918–2006) ಕಾಗದದಲ್ಲಿ ಬರೆದು ತಂದು ಓದಿದವರಲ್ಲ. ಎದುರಾಳಿಯ ಮಾತಿನ ಎಳೆ ಹಿಡಿದು ಅಲ್ಲಿಯೇ ವಾದ ಕಟ್ಟಿದವರು. ಊರಿನ ಹವ್ಯಾಸಿಗಳ ಕ್ರಮವೂ ಅದೇ. ಆ ಮಾತು ಹೀಗೆ ಯಾರಾದರೂ ಟಾರ್ಚ್ ಹಿಡಿದು ಕೂತಲ್ಲಿ ಮಾತ್ರ ಉಳಿದಿದೆ.

ಆದ್ದರಿಂದ ಕೇಳುಗರ ಸದ್ದನ್ನು ದಯವಿಟ್ಟು ತೆಗೆಯಬೇಡಿ. ವಾಲಿ ರಾಮನನ್ನು ಪ್ರಶ್ನಿಸುವಾಗ ಚಾವಡಿಯಿಡೀ ಒಮ್ಮೆ ಉಸಿರು ಬಿಗಿಹಿಡಿಯುತ್ತದೆ, ಆಮೇಲೆ ಮೂಲೆಯಲ್ಲಿ ಒಬ್ಬರು "ಹೌದು" ಎನ್ನುತ್ತಾರೆ. ಅರ್ಥಧಾರಿ ಆ "ಹೌದು" ಕೇಳಿಯೇ ಮುಂದಿನ ವಾಕ್ಯಕ್ಕೆ ಏರಿರುತ್ತಾನೆ. ಅದನ್ನು ಕಿತ್ತರೆ ಅವನ ಮಾತಿಗೆ ಕಾರಣವೇ ಇಲ್ಲದಂತಾಗುತ್ತದೆ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ನಮ್ಮ ಹೊರಗಿನ ವ್ಯವಹಾರವೆಲ್ಲ ಬದಲಾಗುತ್ತ ಬಂದಿತು. ಚಾವಡಿಯಲ್ಲಿ ಕನ್ನಡ ಹೇಗಿತ್ತು ಎಂಬುದಕ್ಕೆ ಇಂಥ ಕ್ಯಾಸೆಟ್‌ಗಳಿಗಿಂತ ಒಳ್ಳೆಯ ಸಾಕ್ಷಿ ನನಗೆ ತಿಳಿದಿಲ್ಲ.

ಉತ್ತರ – ಮಂಜೇಶ್ವರದಿಂದ

ಮೂಲವನ್ನು ಮುಟ್ಟಬಾರದೆಂಬುದು ಸರಿ. ಆದರೆ ಮಕ್ಕಳಿಗೆ ಕೇಳಿಸಲು ಸ್ವಲ್ಪ ಹಗುರಗೊಳಿಸಿದ ಪ್ರತಿಯೂ ಬೇಕು ಎಂದು ನನ್ನ ಅನುಭವ. 1976ರಲ್ಲಿ ಮಂಗಳೂರು ಆಕಾಶವಾಣಿ ಆರಂಭವಾದ ಮೇಲೆ ನಮ್ಮ ಮನೆಯಲ್ಲಿ ರೇಡಿಯೋದ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಯಕ್ಷಗಾನವನ್ನು ಹಿಡಿದಿಡುತ್ತಿದ್ದೆವು. ಆ ಅರ್ಧ ಗಂಟೆ ಯಾರೂ ಪಾತ್ರೆ ತೊಳೆಯುವಂತಿರಲಿಲ್ಲ. ಮಿಂಚು ಹೊಡೆದಾಗಿನ ಕರಕರ ಸದ್ದು ನನಗೆ ಆ ಸಂಜೆಯನ್ನೇ ತಂದುಕೊಡುತ್ತದೆ, ಆದರೆ ಮಗಳು ಅದೇ ಕಾರಣಕ್ಕೆ ಐದು ನಿಮಿಷದಲ್ಲಿ ಎದ್ದುಹೋದಳು. ಸಿಡಿತಗಳನ್ನಷ್ಟೇ ತಗ್ಗಿಸಿ ಕೊಟ್ಟ ಮೇಲೆ ಕೂತು ಪೂರ್ತಿ ಕೇಳಿದಳು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ಮೂಲ ಕ್ಯಾಸೆಟ್‌ಗಳೆರಡೂ ನನ್ನಲ್ಲಿಯೇ ಇವೆ. ಅಜ್ಜಿಯ ಸ್ವರವಿದ್ದ ಕ್ಯಾಸೆಟ್ಟನ್ನು ನಿನ್ನೆ ಬಿಚ್ಚಿ ನೋಡಿದಾಗ ಫೆಲ್ಟ್ ತುಂಡು ಕಳಚಿ ಒಳಗೆ ಬಿದ್ದಿತ್ತು. ಬೇರೆ ಕವಚಕ್ಕೆ ಹಾಕಿ ಪೂರ್ತಿ ರೆಕಾರ್ಡ್ ಮಾಡಿಕೊಂಡೆ. ಅದು ಆ ರಾತ್ರಿಯ ಕೊನೆಯ ಕ್ಯಾಸೆಟ್. ಅಮ್ಮನಿಗೆ ಮೊದಲು ಹಾಗೆಯೇ ಕೇಳಿಸಿದಾಗ, ಯಾರೋ ಹುಡುಗಿ ಮಾತಾಡಿದಂತಿದೆ ಎಂದರು. ನೀರ್ಚಾಲಿನವರು ಹೇಳಿದಂತೆ ಮೊದಲ ಕ್ಯಾಸೆಟ್ಟಿನ ಶ್ರುತಿಗೆ ಹೊಂದಿಸಿ, ವೇಗವನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಬಂದೆ. ಶ್ರುತಿ ಕೂಡಿದ ಕಡೆ ಅಮ್ಮ ಕೈಯೆತ್ತಿ ನಿಲ್ಲಿಸಿ, "ಈಗ ಅತ್ತೆಯ ಸ್ವರ ಆಯಿತು" ಎಂದರು. ಮಳೆ ಹಿಡಿಯುವ ಮೊದಲು ಉಳಿದವನ್ನೂ ಮುಗಿಸುತ್ತೇನೆ.