ಅಜ್ಜಿ ನೆಟ್ಟ ಬಳ್ಳಿ ಒಣಗಿದೆ: ಇದು ಯಾವುದು, ಉಳಿಯುವುದೇ?

ಪ್ರಶ್ನೆ (ತುಮಕೂರು):
ಅಜ್ಜಿಯ ಹಳೆಯ ಮನೆಗೆ ನಾವು ಬಂದದ್ದು ಈ ವರ್ಷ. ಹಿತ್ತಿಲಿನಲ್ಲಿ ಅವರು ನೆಟ್ಟ ಬಳ್ಳಿಯೊಂದು ಮಳೆಗಾಲದಲ್ಲಿ ಚಿಗುರಿ, ಎಲೆಯ ತುದಿಯನ್ನೇ ಸುರುಳಿಯಾಗಿಸಿ ದಾಳಿಂಬೆ ಗಿಡವನ್ನು ಹಿಡಿದು ಏರಿತು. ಗೌರಿ ಹಬ್ಬದ ಹೊತ್ತಿಗೆ, ಅಂಚು ನಿರಿಗೆಯಂತಿದ್ದು ಹಿಂದಕ್ಕೆ ಬಾಗಿದ ಆರು ಎಸಳುಗಳ ಹೂ ಬಿಟ್ಟಿತು. ಹಳದಿಯಾಗಿದ್ದ ಎಸಳುಗಳು ಬರಬರುತ್ತ ಕೆಂಪಾದವು. ದೀಪಾವಳಿ ಕಳೆದ ಮೇಲೆ ಬಳ್ಳಿ ಪೂರ್ತಿ ಒಣಗಿದೆ. ಮೂರು ವಾರಗಳಿಂದ ದಿನವೂ ಒಂದು ಬಿಂದಿಗೆ ನೀರು ಹಾಕಿದರೂ ಚಿಗುರಿಲ್ಲ. ಸಂಕ್ರಾಂತಿಯ ನಂತರ ಅಲ್ಲಿ ಪಾಯ ತೆಗೆಯಲಿದ್ದಾರೆ. ದಯವಿಟ್ಟು ತಿಳಿಸಿ.

ಉತ್ತರ (ಚಿಕ್ಕಬಳ್ಳಾಪುರ):
ಎಲೆತುದಿಯೇ ಬಳ್ಳಿಕುಡಿಯಾಗುವ ಲಕ್ಷಣವೊಂದೇ ಸಾಕು, ಇದು ಗೌರಿ ಹೂ, ಅಗ್ನಿಶಿಖೆಯೆಂದೂ ಕರೆಯುತ್ತಾರೆ. ಸಸ್ಯಶಾಸ್ತ್ರದ ಹೆಸರು ಗ್ಲೋರಿಯೋಸಾ ಸೂಪರ್ಬಾ. ತಮಿಳುನಾಡಿನ ರಾಜ್ಯಪುಷ್ಪವೂ ಇದೇ. ನಿಮ್ಮ ಬಳ್ಳಿ ಸತ್ತಿಲ್ಲ, ಚಳಿಗಾಲಕ್ಕೆ ಮಲಗಿದೆ, ಅಷ್ಟೆ. ಆದರೆ ಮಲಗಿದ ಗೆಡ್ಡೆ ನೀರು ಕೇಳುವುದಿಲ್ಲ, ಕೊಳೆಯುತ್ತದೆ. ಆದ್ದರಿಂದ ನೀರನ್ನು ಇಂದೇ ನಿಲ್ಲಿಸಿ.
ಮಣ್ಣು ಆರಿದ ಮೇಲೆ, ಒಣಗಿದ ಕಾಂಡವನ್ನು ಗುರುತಿಗಾಗಿ ಬಿಟ್ಟುಕೊಂಡು, ಅದರಿಂದ ಒಂದಡಿ ದೂರದಲ್ಲಿ ಸುತ್ತಲೂ ಅಗೆದು, ಬುಡದ ಹತ್ತಿರ ಬಂದಾಗ ಗುದ್ದಲಿ ಬಿಟ್ಟು ಕೈಯಿಂದಲೇ ಮಣ್ಣು ಸರಿಸಿ. ಗೆಡ್ಡೆ ಸಾಮಾನ್ಯವಾಗಿ ಎರಡು ಕವಲಿನದು, ಬಹಳ ಪೆಡಸು. ಮೊಳಕೆಯ ಕಣ್ಣು ಕವಲಿನ ತುದಿಯಲ್ಲಿರುವುದರಿಂದ ತುದಿ ಮುರಿದರೆ ಆ ಕವಲು ಚಿಗುರದು. ಎರಡು ದಿನ ನೆರಳಿನಲ್ಲಿ ಆರಿಸಿ, ಒಣ ಮರಳಿನಲ್ಲಿಟ್ಟು, ಮೇ ತಿಂಗಳಲ್ಲಿ ಮರಳು ಬೆರೆಸಿದ ಕೆಮ್ಮಣ್ಣಿನಲ್ಲಿ ಎರಡು ಮೂರು ಇಂಚು ಆಳಕ್ಕೆ ಅಡ್ಡಲಾಗಿ ಮಲಗಿಸಿ ನೆಡಿ.

ಉತ್ತರ (ಕೋಲಾರ):
ಮೇಲಿನವರು ಮುಖ್ಯವಾದದ್ದನ್ನೇ ಬಿಟ್ಟಿದ್ದಾರೆ. ಈ ಗಿಡದ ಎಲ್ಲ ಭಾಗಗಳೂ ವಿಷ, ಗೆಡ್ಡೆಯಂತೂ ಘೋರ ವಿಷ. ಅದರಲ್ಲಿರುವ ಕಾಲ್ಚಿಸಿನ್ ಅನ್ನು ಗೌಟ್ ಎಂಬ ಕೀಲುಬಾಧೆಗೆ ಅತ್ಯಲ್ಪ ಪ್ರಮಾಣದಲ್ಲಿ ಔಷಧಿಯಾಗಿ ಕೊಡುತ್ತಾರೆ, ನಿಜ; ಆದರೆ ಗೆಣಸೆಂದು ತಿಂದು ಸತ್ತವರಿದ್ದಾರೆ. ಕೈಗವಸು ಹಾಕಿಕೊಂಡು ಅಗೆಯಿರಿ. ಗೆಡ್ಡೆಗಳನ್ನು ಅಡುಗೆಮನೆಯಲ್ಲಿಡಬೇಡಿ, ಮಕ್ಕಳಿಗೂ ದನಕರುಗಳಿಗೂ ಸಿಗದಂತಿಡಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಹತ್ತು ದಿನ ಮಣ್ಣು ಆರಲು ಬಿಟ್ಟು ನಿನ್ನೆ ಅಗೆದೆವು. ಮೂರು ಗೆಡ್ಡೆಗಳಲ್ಲಿ ಒಂದು ನನ್ನ ಬಿಂದಿಗೆ ನೀರಿಗೆ ಮೆತ್ತಗಾಗಿ ನಾರುತ್ತಿತ್ತು, ಹೂತುಬಿಟ್ಟೆ. ಇನ್ನೊಂದರ ಒಂದು ತುದಿ ಅವಸರದಲ್ಲಿ ಮುರಿಯಿತು. ಮೂರನೆಯದು ಗಟ್ಟಿಯಾಗಿದೆ. ಉಳಿದ ಎರಡನ್ನೂ ಮರಳು ತುಂಬಿದ ಡಬ್ಬಿಯಲ್ಲಿಟ್ಟು, ಮೇಲೆ ‘ವಿಷ’ ಎಂದು ಬರೆದು ಅಟ್ಟಕ್ಕೇರಿಸಿದ್ದೇನೆ.